ಪುಟಕ್ಕೆ ಮೂವತ್ತು ರೂಪಾಯಿ

ಕಬ್ಬನ್‌ಪೇಟೆಯ ಅಡ್ಡರಸ್ತೆಯೊಂದರಲ್ಲಿ
ಜೆರಾಕ್ಸ್ ಮಷೀನಿಗೂ ಗೋಡೆಗೂ ನಡುವೆ
ನನ್ನ ಕುರ್ಚಿ. ಪುಟಕ್ಕೆ ಮೂವತ್ತು.
ಕರಾರುಪತ್ರ, ಲಗ್ನಪತ್ರಿಕೆ, ತಿಥಿಯ ಕಾರ್ಡು,
ಕಳೆದುಹೋದ ನಾಯಿಯ ಫೋಟೋ, ಕೆಳಗೆ ಬಹುಮಾನದ ಮೊತ್ತ.

ಅಂಬೂಬಾಯಿ ತಂದದ್ದು ಮೂರು ನೋಟ್‌ಬುಕ್ಕು,
ಜರಿಯಂಗಡಿಯ ಚೀಲದಲ್ಲಿ.
ಎಪ್ಪತ್ತೆಂಟು ವರ್ಷ, ಎಡಗಣ್ಣಿಗೆ ಪೊರೆ.
"ಮೇಲೆ ಕಾದಂಬರಿ ಅಂತ ಹಾಕು.
ಆತ್ಮಕಥೆ ಅಂದ್ರೆ ನಾದಿನಿ ಮಕ್ಕಳು ಕೋರ್ಟಿಗೆ ಹೋಗ್ತಾರೆ."

ಮೊದಲ ಪುಟದಲ್ಲೇ ಇತ್ತು:
ನಮ್ಮವರು ನರ್ಮದೆಯ ದಂಡೆಯಿಂದ ಬಂದರಂತೆ,
ಬರುವಾಗ ಮಗ್ಗ ತರಲಿಲ್ಲ, ಮಗ್ಗದ ಅಳತೆ ತಂದರಂತೆ
ಹೆಂಗಸರ ಮೊಳಕೈಯಲ್ಲಿ.
ಮನೆಯಲ್ಲಾಡುವ ಮಾತಿಗೆ ಅಕ್ಷರವಿಲ್ಲ.
ಅಮ್ಮ ಬೈದದ್ದನ್ನೆಲ್ಲ ಕನ್ನಡದಲ್ಲಿ ಕೂರಿಸಿದ್ದರು;
ಆ ಸಾಲುಗಳ ಕೆಳಗೆ ಕಂಪ್ಯೂಟರು ಕೆಂಪು ಗೆರೆ ಎಳೆಯುತ್ತ ಹೋಯಿತು,
ತಪ್ಪು, ತಪ್ಪು, ತಪ್ಪು.

ನನ್ನಮ್ಮನ ಬೈಗುಳಕ್ಕೂ ಹಾಗೇ ಎಳೆಯುತ್ತಿತ್ತೇನೋ.
ನಾನು ಜಬೀವುಲ್ಲಾ. ಮನೆಯಲ್ಲಿ ದಖನಿ, ಬೆರಳಲ್ಲಿ ಕನ್ನಡ.
ಒತ್ತಕ್ಷರ ಎಲ್ಲಿ ಕೂರಬೇಕೆಂದು
ಪಿಯುಸಿ ಫೇಲಾದವನಿಗೆ ಕಲಿಸಿದ್ದು
ಊರವರ ಮದುವೆಗಳು.

ನಾಲ್ಕನೇ ಅಧ್ಯಾಯದಲ್ಲಿ ತಮ್ಮ ಬಂದ: ನಾಗೂಸಾ.
ಗರಡಿಯ ಕೆಮ್ಮಣ್ಣನ್ನು ಕಿವಿಯಲ್ಲೇ ಉಳಿಸಿಕೊಂಡು ಊಟಕ್ಕೆ ಕೂರುವವನು.
ಮಗ್ಗದ ಗುಂಡಿಯಲ್ಲಿ ಅವನ ಕಾಲು ಹಿಡಿಸಲಿಲ್ಲ.
ಒಂದು ಶುಕ್ರವಾರ, ಅರ್ಧ ನೇಯ್ದ ಸೆರಗಿನ ಮೇಲೆ ಲಾಳಿ ಇಟ್ಟು
ಎದ್ದವನು ಎದ್ದೇ ಹೋದ.
ಕುಸ್ತಿಯವರ ಜೊತೆ ಅಂದರು ಕೆಲವರು.
ಸರ್ಕಸ್ಸು ಅಂದರು ಇನ್ನು ಕೆಲವರು.
ಅಪ್ಪ ಉಳಿದರ್ಧ ನೇಯ್ದು ಮುಗಿಸಿ
ಸೀರೆ ಮಾರಿದ. ಏನೂ ಅನ್ನಲಿಲ್ಲ.

ಆರನೆಯದರಲ್ಲಿ ಅಕ್ಕ ಹುಡುಕಲು ಹೊರಟಳು.
ಇಪ್ಪತ್ತಮೂರು ವಯಸ್ಸು. ಮದುವೆಗಿಟ್ಟ ಹಣ.
ಹುಬ್ಬಳ್ಳಿ, ಮಿರಜ್, ಕೊಲ್ಹಾಪುರ.
ಪ್ರತಿ ಊರಿನ ತಾಲೀಮಿನ ಬಾಗಿಲಲ್ಲೂ ನಿಂತಳು,
ಹೆಂಗಸರು ಒಳಗೆ ಬರಬಾರದು ಎಂದಾಗ
ಹೊರಗಿನಿಂದಲೇ ಕೂಗಿದಳು, ಮನೆಮಾತಿನಲ್ಲಿ,
ಅವನೊಬ್ಬನೇ ತಿರುಗಲಿ ಎಂದು.

"ಏಳನೇ ಅಧ್ಯಾಯ ಖಾಲಿ ಬಿಡು. ನಾಲ್ಕು ಪುಟ.
ಹನ್ನೊಂದು ದಿವಸ ಅದು."
ಖಾಲಿ ಪುಟಕ್ಕೆ ದುಡ್ಡಿಲ್ಲಮ್ಮಾ, ಅಂದೆ.
ನೂರಿಪ್ಪತ್ತು ರೂಪಾಯಿ ಎಣಿಸಿ ಕೀಬೋರ್ಡಿನ ಮೇಲಿಟ್ಟರು.
"ಪುಟಸಂಖ್ಯೆ ಮಾತ್ರ ಇರಲಿ.
ಹಾಳೆ ಕಿತ್ತುಹೋಗಿಲ್ಲ ಅಂತ ಗೊತ್ತಾಗಬೇಕು."

ಎಂಟರಲ್ಲಿ ವಾಪಸು ಬಂದಿದ್ದಾಳೆ,
ಸಿಟಿ ಸ್ಟೇಷನ್ನಿನಿಂದ ನಡೆದೇ,
ಕಾಲಲ್ಲಿ ಬೇರೆ ಯಾರದೋ ಚಪ್ಪಲಿ.
ಯಾರವು ಎಂದು ಮನೆಯಲ್ಲಿ ಕೇಳಲಿಲ್ಲ.
ನಾನೂ ಕೇಳಲಿಲ್ಲ.

ಆ ರಾತ್ರಿ ನನ್ನಮ್ಮನನ್ನು ಕೇಳಿದೆ.
ಶಿಡ್ಲಘಟ್ಟದಿಂದ ರೇಷ್ಮೆಗೂಡಿನ ಲಾರಿಯಲ್ಲಿ ಬಂದವಳು,
ಹದಿನಾರಕ್ಕೆ, ಒಬ್ಬಳೇ. ಯಾಕೆ ಬಂದೆ?
ಅಮ್ಮ ರೊಟ್ಟಿ ಮಗುಚಿದಳು.
"ಗೂಡು ಬೆಚ್ಚಗಿದ್ದವು," ಅಂದಳು, "ಒಳಗೆ ಹುಳ ಇನ್ನೂ ಮಿಸುಕುತ್ತಿದ್ದವು."
ಆಮೇಲೆ ಉಪ್ಪು ಸಾಕಾ ಎಂದು ಕೇಳಿದಳು.

ಕೊನೆಗೆ ವಂಶವೃಕ್ಷ. ನನಗೆ ಗೆರೆ ಎಳೆಯುವುದು ಬರುವುದಿಲ್ಲ.
ಉಳಿದವರೆಲ್ಲ ಹೇಗೋ ಚೌಕದೊಳಗೆ ಕೂತರು;
ನಾಗೂಸಾನ ಗೆರೆ ಮಾತ್ರ ಎಲ್ಲೂ ನಿಲ್ಲದೆ
ಪುಟದ ಅಂಚಿಗೆ ಹೋಗಿ ತುಂಡಾಯಿತು.
ನಾಳೆ ಬನ್ನಿ, ಸರಿಮಾಡಿರುತ್ತೇನೆ, ಅಂದೆ.
ಒಳ್ಳೆಯ ಕಣ್ಣನ್ನು ಪರದೆಗೆ ಹತ್ತಿರ ತಂದರು.
"ಬೇಡ. ಅವನು ಹೋದದ್ದು ಆ ಕಡೆಗೇ."

ಐವತ್ತು ಪ್ರತಿ. ಕಾದಂಬರಿ ಎಂದೇ ಹಾಕಿದೆ.
ಬೈಂಡಿಂಗಿನವನು ಅಂಚು ಸವರಿದ ಚೂರುಗಳನ್ನು
ಬಳೆ ಅಂಗಡಿಯವರು ಗೋಣಿಯಲ್ಲಿ ತುಂಬಿಕೊಂಡು ಹೋದರು.
ದೂರದೂರಿಗೆ ಹೊರಟ ಪೆಟ್ಟಿಗೆಗಳಲ್ಲಿ
ಗಾಜು ಗಾಜಿಗೆ ತಾಗದಿರಲೆಂದು
ನಡುವೆ ತುರುಕುತ್ತಾರಂತೆ.