ಕತ್ತರಿ ಇದೆಯಲ್ಲ

ಈ ಊರಿನ ಹೆಸರು ಸೂರ್.
ನಮ್ಮಲ್ಲಿ ಸೂರು ಅಂದರೆ ಬೇರೆ,
ಹೇಳಿದರೆ ಇಲ್ಲಿ ಯಾರಿಗೂ ನಗು ಬರುವುದಿಲ್ಲ.
ಒಂದೇ ಸೂರಿನಡಿ ಆರು ಮಂದಿ,
ಎರಡಂತಸ್ತಿನ ಮಂಚ ಮೂರು, ಕೆಮ್ಮುವ ಎ.ಸಿ. ಒಂದು.

ಈದಿಗೆ ಮುಂಚೆ ಇಪ್ಪತ್ತು ದಿನ ನಿದ್ದೆ ಇಲ್ಲ.
ಎಪ್ಪತ್ತೆರಡು ದಿಶ್‌ದಾಶ, ಒಂದೊಂದರ ಕೊರಳಿಗೂ ಗೊಂಡೆ,
ಸುಲೈಮಾನಿ ಚಹಾ, ಸಿಗರೇಟು, ಮತ್ತೆ ಸುಲೈಮಾನಿ.
ನೂಲು ಕಡಿಯಲು ಹಲ್ಲು.
ಕತ್ತರಿ ಹುಡುಕುವ ಪುರುಸೊತ್ತು ಯಾರಿಗಿತ್ತು?

ಮೊದಲು ಕಂಡದ್ದು ಬಿಳಿ ಬಟ್ಟೆಯ ಮೇಲೆ,
ಕೊರಳಪಟ್ಟಿಯಲ್ಲಿ ಸಾಸಿವೆಯಷ್ಟು ಕೆಂಪು.
ಸೂಜಿ ಚುಚ್ಚಿತೇ ಎಂದು ನೋಡಿಕೊಂಡೆ,
ಹತ್ತೂ ಬೆರಳು ನಿರಪರಾಧಿ.
ನೂಲಿನ ತುದಿ ಮಾತ್ರ ಒದ್ದೆ.

ಆಮೇಲೆ ಮೂರೇ ದಿನ.
ವಸಡು ಸುಟ್ಟ ಬದನೆಯ ಸಿಪ್ಪೆ,
ಹಲ್ಲು ಹಲ್ಲಿನ ನಡುವೆ ಇಲಿ ಕಡಿದ ಅಂಚು,
ಮೇಲೊಂದು ಬೂದು ಪೊರೆ,
ದವಡೆಯ ಕೆಳಗೆ ಗಂಟು, ಮೈಯೆಲ್ಲ ಕಾವು.
ಮತ್ತು ವಾಸನೆ.
ಅದನ್ನು ಬರೆಯಬಾರದು ಅಂದುಕೊಂಡಿದ್ದೆ.

ಕೆಳಗಿನ ಮಂಚದ ಮೊಯ್ದಿನಬ್ಬ ಏನೂ ಹೇಳಲಿಲ್ಲ,
ಒಂದು ರಾತ್ರಿ ತಲೆದಿಂಬನ್ನು ಕಾಲ್ದೆಸೆಗೆ ಒಯ್ದ.
ಅಂಗಡಿಯಲ್ಲಿ ಅಳತೆ ತೆಗೆಯುವಾಗ ಉಸಿರು ಹಿಡಿದೆ:
ಭುಜ ಹದಿನೆಂಟು, ಎದೆ ನಲವತ್ತೆರಡು,
ಅಷ್ಟರಲ್ಲಿ ಉಸಿರು ಮುಗಿದು
ಗಿರಾಕಿಯ ಬೆನ್ನ ಹಿಂದೆ ಹೋಗಿ ಬಿಟ್ಟೆ.

ಫೋನಿನಲ್ಲಿ ಲಲಿತಾಕ್ಷಿ ಮಾತ್ರ
ಎಂದಿನಂತೆ ಮುಖ ಹತ್ತಿರ ತಂದಳು.
ಗಾಜಿಗೆ ಮೂಗಿಲ್ಲ.
"ಬಾಯಿಗೆ ಕೈ ಯಾಕೆ?"
"ಇಲ್ಲಿ ಧೂಳು" ಅಂದೆ.
ಹನ್ನೊಂದು ವರ್ಷ, ಈ ಧೂಳು
ನನ್ನ ಎಷ್ಟು ಸುಳ್ಳು ಹೊತ್ತಿದೆಯೋ!

ಹಲ್ಲು ಕಚ್ಚಿ ಸಹಿಸಿಕೋ ಅಂತಾರೆ.
ಕಚ್ಚಿದರೇ ನೋಯುವವನು
ಏನು ಕಚ್ಚಿ ಸಹಿಸಬೇಕು?

ಡಾಕ್ಟರ್ ಇಬ್ತಿಹಾಲ್, ಸುಡಾನಿನವಳು,
ಕೂಲಿಗಳಿಂದ ಕಲಿತ ಹಿಂದಿಯಲ್ಲಿ
ಬಾಯಿ ಬಿಡು ಅಂದಳು.
ಬಾಯಿ ಬಿಟ್ಟರೆ ಬಣ್ಣಗೇಡು.
ಬಿಟ್ಟೆ.
ಮಾಸ್ಕಿನ ಮೇಲಿನ ಎರಡು ಕಣ್ಣು ಹಿಂದೆ ಸರಿಯಲಿಲ್ಲ,
ಇನ್ನೂ ಹತ್ತಿರ ಬಂದು ದೀಪ ಬಾಗಿಸಿಕೊಂಡವು.
ಕಣ್ಣೀರು ನೋವಿನದೆಂದು ತಿಳಿದು
ಮರಗಟ್ಟಿಸುವ ಸೂಜಿ ಇನ್ನೊಂದು ಕೊಟ್ಟಳು.

ತೊಳೆದಳು, ಕೆರೆದಳು, ಮತ್ತೆ ತೊಳೆದಳು.
ಸಿಗರೇಟು? ಹತ್ತು.
ನಿದ್ದೆ? ನಾಲ್ಕು ಗಂಟೆ, ಕೆಲವೊಮ್ಮೆ.
ಮುಂದಿನ ಹಲ್ಲಿನಲ್ಲಿ ನೂಲು ಕೊರೆದ ಗೀರು ಮುಟ್ಟಿ
"ದರ್ಜಿಯಾ?" ಅಂದಳು. "ಕತ್ತರಿ ಇದೆಯಲ್ಲ."
ಹದಿನೆಂಟು ರಿಯಾಲ್.
ಅಂದರೆ ಮೂರು ದಿಶ್‌ದಾಶ, ಗೊಂಡೆ ಸಹಿತ.

ಮಾತ್ರೆ ದಿನಕ್ಕೆ ಮೂರು,
ಐವತ್ತು ಬೈಸದ ನಾಣ್ಯ ಚೀಪಿದ ಹಾಗೆ ನಾಲಗೆ.
ಸುಬಹಿಗೆ ಏಳುವ ಮೊಯ್ದಿನಬ್ಬ
ನನ್ನ ಮಂಚದ ಕೊನೆಗೆ ಉಪ್ಪಿನ ಬಿಸಿನೀರು ಇಟ್ಟು ಹೋದ,
ರಾತ್ರಿ ಗಂಜಿ:
"ಅಗಿಯುವುದು ಬೇಡ ಮಾರಾಯ, ನುಂಗು."
ಮೂರನೆಯ ದಿನ ಕಾವು ಇಳಿಯಿತು.
ಐದನೆಯ ದಿನ ಉಗುಳಿದ ನೀರು ನೀರಿನದೇ ಬಣ್ಣ,
ಸಿಂಕಿನ ಮುಂದೆ ಸುಮ್ಮನೆ ನಿಂತು ನೋಡಿದೆ.
ಒಂಬತ್ತನೆಯ ದಿನ ಖುಬ್ಬೂಸಿನ ಅಂಚು,
ಎಡಗಡೆಯಿಂದ, ಹೆದರಿ ಹೆದರಿ.
ಯಾವಾಗಲೋ ಮೊಯ್ದಿನಬ್ಬನ ತಲೆದಿಂಬು
ಇತ್ತ ಬಂದಿತ್ತು. ನಾವು ಆ ಮಾತು ಎತ್ತಲಿಲ್ಲ.

ಹೋದ ವಸಡು ಮರಳುವುದಿಲ್ಲವಂತೆ,
ಉಳಿದದ್ದನ್ನು ಕಾಯ್ದುಕೋ ಅಂದಳು ಡಾಕ್ಟರು.
ಹಲ್ಲಿನ ಸಂದಿಗಳಲ್ಲಿ ಈಗ ಕಪ್ಪು ಮುಕ್ಕೋನಗಳು,
ಹಾಯಿಯಿಲ್ಲದ ದೋಣಿಗೂ ಅಲ್ಲಿಂದ ಗಾಳಿ.
ಅವಳ ಹೆಸರಿನ ಕೊನೆಯ ಅಕ್ಷರ ಸಿಳ್ಳೆಯಾಗುತ್ತದೆ.
ಗಾಜಿಗೆ ಮೂಗಿಲ್ಲ, ಕಿವಿ ಇದೆ:
"ಏನಾಗಿದೆ ನಿಮಗೆ?"
ಧೂಳು ಅನ್ನಲು ಹೋದೆ.
ಕೈ ತೆಗೆದು, ದೀಪದ ಕಡೆ ತಿರುಗಿ,
ಬಾಯಿ ಬಿಟ್ಟೆ.

ಕತ್ತರಿಯನ್ನು ಟೇಪಿನ ತುಂಡಿನಿಂದ
ಮಿಷನ್ನಿನ ಕಾಲಿಗೆ ಕಟ್ಟಿದ್ದೇನೆ.
ನೂಲು ಮಾತ್ರ ಈಗಲೂ
ತುಟಿಯವರೆಗೆ ಬರುತ್ತದೆ.