ಕಾಲಿಗೆ ಬುದ್ಧಿ

ಬಂದರಿನ ಗಾಳಿಗೆ ಟೋಪಿ ಹಾರಿತು ಅವತ್ತು.
ಬೆನ್ನಟ್ಟಿದೆ. ಹನ್ನೊಂದು ಹೆಜ್ಜೆ.
ಎಣಿಸಿದ್ದು ಆಮೇಲೆ, ಹಿಮದಲ್ಲಿ ಉಳಿದ
ನನ್ನದೇ ಗುರುತು ನೋಡಿ:
ಎಡದ್ದು ಆಳ, ಬಲದ್ದು ಓರೆ.
ಐವತ್ತೆಂಟರ ಹೆಂಗಸು ಓಡಿದ್ದಳು ಎಂಬುದಕ್ಕೆ
ಸಾಕ್ಷಿ ಅಷ್ಟೇ.
ಟೋಪಿ ನೀರುಪಾಲು.

ಮೂವತ್ತೊಂದು ವರ್ಷ
ಮೀನಿನ ಕಾರ್ಖಾನೆಯ ಒದ್ದೆ ಕಾಂಕ್ರೀಟಿನ ಮೇಲೆ
ರಬ್ಬರ್ ಬೂಟಿನಲ್ಲಿ ನಿಂತವಳು ನಾನು.
ಬೆಳಕಿನ ಗಾಜಿನ ಮೇಲೆ ಮೀನಿನ ತುಂಡು ಹರವಿ
ಮುಳ್ಳು ಹೆಕ್ಕು, ಹುಳ ಹೆಕ್ಕು, ಮುಂದಕ್ಕೆ ತಳ್ಳು.
ಮೀನು ನನ್ನೆದುರು ಹರಿದು ಹೋಗುತ್ತಿತ್ತು,
ಸತ್ತಮೇಲೂ ಎಲ್ಲಿಗೋ ಹೊರಟ ಹಾಗೆ.
ನಾನು ಅಲ್ಲೇ.

ಹೆಬ್ಬೆರಳ ಬುಡದಲ್ಲಿ ಗಂಟು ಕಟ್ಟಿದ್ದು ಯಾವಾಗ?
ಮೊಣಕಾಲು ಮೆಟ್ಟಿಲಲ್ಲಿ ಮಾತಾಡತೊಡಗಿದ್ದು?
ಬೆಳಿಗ್ಗೆ ಮಂಚದಿಂದ ಇಳಿದರೆ
ನೆಲವೇ ಹಿಮ್ಮಡಿಗೆ ಮೊಳೆ ಹೊಡೆಯುತ್ತದೆ.
ಅಡುಗೆಮನೆಯವರೆಗೆ
ಗೋಡೆ ಹಿಡಿದೇ ನನ್ನ ಪ್ರಯಾಣ.

ಸ್ಟೇನ್ವೋರ್, ಆಸ್ಪತ್ರೆಯ ವ್ಯಾಯಾಮದ ಹುಡುಗಿ,
ಪ್ಲಾಸ್ಟಿಕ್ಕಿನ ಪಾದವೊಂದನ್ನು ನನ್ನ ಮಡಿಲಿಗಿಟ್ಟಳು.
ಇಪ್ಪತ್ತಾರು ಮೂಳೆ. ಎಣಿಸಿದೆ, ಅಭ್ಯಾಸಬಲ.
'ಓಡಿ ಸವೆದ ಕಾಲಲ್ಲ ನಿಮ್ಮದು,' ಅಂದಳು,
'ನಿಂತು ಸವೆದದ್ದು.
ಒಂದು ದೀಪದ ಕಂಬ ಓಡಿ, ಎರಡು ಕಂಬ ನಡೆಯಿರಿ.
ಉರಿದರೆ ನಿಲ್ಲಿ.'
ಉರಿ ಅಂದರೆ ಯಾವುದು, ಬರೀ ನೋವು ಅಂದರೆ ಯಾವುದು,
ಅದನ್ನು ಮಾತ್ರ ಹೇಳಲಿಲ್ಲ.
ಅವಳಿಗೆ ಇಪ್ಪತ್ತೇಳು ವರ್ಷ.

ಹಾಗೆ ಶುರು. ಡಿಸೆಂಬರಿನಲ್ಲಿ, ಕೇಳಿ,
ಬೆಟ್ಟದ ಹಿಂದೆ ಸೂರ್ಯ ಎರಡು ತಿಂಗಳ ರಜೆ ಹಾಕಿದಾಗ.
ಎರಡು ಜೊತೆ ಉಣ್ಣೆಯ ಕಾಲುಚೀಲ,
ಬೂಟಿನಡಿ ಕಬ್ಬಿಣದ ಹಲ್ಲು,
ಒಳಗೆ ಅಳತೆ ಕೊಟ್ಟು ಮಾಡಿಸಿದ ಮೆತ್ತೆ,
ಮಗಳ ಮದುವೆಯಲ್ಲಿ ತೊಟ್ಟ ಬೂಟಿಗಿಂತ ದುಬಾರಿ.
ಉಸಿರು ಹೊರಬಿದ್ದು ಹುಬ್ಬಿನ ಮೇಲೆ ಹೆಪ್ಪುಗಟ್ಟುತ್ತದೆ.
ಕರಕ್, ಕರಕ್. ಹಿಮವೋ ಮಂಡಿಯೋ
ಮೊದಮೊದಲು ತಿಳಿಯುತ್ತಿರಲಿಲ್ಲ.

ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದ ಬ್ರಿನ್ಯೋಲ್ವುರ್ ಕೂಗಿದ:
'ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ, ಹಾಲ್ಬೆರಾ?'
'ಯಾರೂ ಇಲ್ಲ ಮಾರಾಯ,' ಅಂದೆ,
'ಇದ್ದಿದ್ದರೆ ಇಷ್ಟರಲ್ಲೇ ಹಿಡಿದಿರುತ್ತಿದ್ದರು.'

ನಿಜಕ್ಕೂ
ಕಾಲಿಗೆ ಬುದ್ಧಿ ಹೇಳಿದವಳಲ್ಲ ನಾನು.
ಫೋರ್‌ಮನ್ ರೇಗಿದಾಗ, ಗಂಡ ಕುಡಿದು ಬಂದಾಗ,
ಬಿರುಗಾಳಿಯ ರಾತ್ರಿ ತಮ್ಮನ ದೋಣಿ ಮರಳದೆ ಇದ್ದಾಗ
ನಿಂತೇ ಇದ್ದೆ.
ಅದನ್ನೇ ಧೈರ್ಯ ಅಂದರು ಊರವರು. ಇರಬಹುದು.
ಈಗ ಬುದ್ಧಿ ಹೇಳಹೊರಟರೆ
ಕಾಲೇ ತಿರುಗಿ ನನಗೆ ಹೇಳುತ್ತದೆ:
ಮೆಲ್ಲಗೆ, ಅಜ್ಜಿ. ಇಷ್ಟು ಹೊತ್ತು ಎಲ್ಲಿದ್ದೆ?

ಎಡಗಾಲೇ, ನಿನ್ನ ಮೇಲೆ ಸಿಟ್ಟಿಲ್ಲ.
ಮೂರನೆಯ ಕಂಬದವರೆಗೆ ನೀನು ಬೈಯುತ್ತೀ,
ನಾಲ್ಕನೆಯದಕ್ಕೆ ಗೊಣಗುತ್ತೀ,
ಐದರ ಆಚೆ ಅದೇನೋ ಬಿಸಿ ಇಳಿದು
ನೀನು ಇದ್ದೀಯೆಂಬುದೇ ಮರೆಯುತ್ತದೆ,
ಒಂದೇ ಒಂದು ಕಂಬದಷ್ಟು ಹೊತ್ತು.
ಅಷ್ಟಕ್ಕಾಗಿ ಇಷ್ಟೆಲ್ಲ.

ಏಳನೆಯ ಕಂಬದ ಬಲ್ಬು ಕೆಟ್ಟು ವಾರವಾಯಿತು.
ಪುರಸಭೆಗೆ ಫೋನು ಮಾಡಿದೆ, ಬರುತ್ತೇವೆ ಅಂದರು.
ಅಲ್ಲಿ ದಾರಿ ಕಾಣದು. ಕೆಳಗೆ ಸಮುದ್ರ
ಕಲ್ಲುಗಳನ್ನು ಹೆಕ್ಕಿ ಹೆಕ್ಕಿ ಪಕ್ಕಕ್ಕಿಡುವ ಸದ್ದು.
ನಿನ್ನೆ ಆ ಕತ್ತಲಲ್ಲಿ ನಡೆಯಬೇಕಿತ್ತು, ಲೆಕ್ಕದ ಪ್ರಕಾರ.
ಓಡಿದೆ.

ಸ್ಟೇನ್ವೋರಳಿಗೆ ಹೇಳಿಲ್ಲ.
ಈಗ ಬಿಸಿನೀರಿನ ಬೋಗುಣಿ, ಒಂದು ಹಿಡಿ ಉಪ್ಪು,
ಒಳಗೆ ಎರಡು ಕೆಂಪು ಪಾದ,
ಬೆಳಕಿನ ಕೆಳಗೆ, ಮೀನಿನ ಹಾಗೆ.
ಬಗ್ಗಿ ನೋಡುತ್ತೇನೆ.
ಕಿರುಬೆರಳು ಅಲ್ಲಾಡಿತು, ನಾನು ಹೇಳದೆಯೇ.