ಅಜ್ಜಿಯ ಕೂದಲ ಹಗ್ಗ

ಟೊಂಗಾದಲ್ಲಿ ಬೆಳೆದ ಮೇಲೆ ಅಕ್ಕ ತಮ್ಮ
ಒಂದೇ ಸೂರಿನಡಿ ಮಲಗುವುದಿಲ್ಲ,
ಒಬ್ಬರ ಮೈ ಒಬ್ಬರು ಮುಟ್ಟುವುದಿಲ್ಲ.
ಅದು ಮರ್ಯಾದೆ. ಹಾಗಾಗಿ
ಪೆನಿಸಿಮಾನಿಯ ಸೊಂಟ
ನನಗೆ ಗೊತ್ತಿದ್ದದ್ದು ಹಗ್ಗದಿಂದ.

ಕೂದಲ ಹಗ್ಗ. ಅಜ್ಜಿಯ ತಲೆಯದು.
ಸತ್ತ ರಾತ್ರಿ ಕತ್ತರಿಸಿ, ಅತ್ತೆಯರು ಅಳುತ್ತಲೇ ಹೆಣೆದದ್ದು.
ಭಾನುವಾರ ಇಗರ್ಜಿಗೆ ಹೊರಟ ಗಂಡಸು
ನಡುವಿಗೆ ಚಾಪೆ ಸುತ್ತಿ ಅದರ ಮೇಲೆ ಇದನ್ನು ಬಿಗಿಯುತ್ತಾನೆ,
ಸತ್ತವರು ಸೊಂಟ ಹಿಡಿದು ನಡೆಸುತ್ತಾರೆ.

ಚಾಪೆ ನನ್ನ ನೇಯ್ಗೆ.
ಕೇದಗೆ ಗರಿಯ ಕಂತೆ ಕಟ್ಟಿ
ಕಡಲಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು
ಉಪ್ಪು ತಿಂದು ಬೆಳ್ಳಗಾದ ಮೇಲೆ ಸೀಳಿ, ಒಣಗಿಸಿ,
ಬೆನ್ನು ಬಾಗುವಷ್ಟು ದಿನ ಕೂತು.

ವರ್ಷಕ್ಕೊಮ್ಮೆ ನಾದಿನಿ ಟೊಕಿಲುಪೆ
ಎರಡನ್ನೂ ದುರಸ್ತಿಗೆ ತರುವಳು.
ಗಂಟು ಬಿದ್ದಲ್ಲಿ ಕೂದಲು ಮಡಿಸಿ ಹೊಳೆಯುತ್ತದೆ,
ಆ ಹೊಳಪಿನ ಮೇಲೆ ನಾನು ತಮ್ಮನನ್ನು ಓದುತ್ತಿದ್ದೆ.
ಮದುವೆಯ ವರ್ಷ ತುದಿ ಮೊಣಕಾಲಿಗೆ ಇಳಿಯುತ್ತಿತ್ತು.
ಮೂರನೆಯ ಮಗುವಿಗೆ ಒಂದು ಗೇಣು.
ಬಂದರಿನಲ್ಲಿ ಫೋರ್ಕ್‌ಲಿಫ್ಟಿನ ಸೀಟು ಸಿಕ್ಕ ಮೇಲೆ
ನಾಲ್ಕು ಬೆರಳು.
ನಾನು ಹಿಗ್ಗಿದೆ. ನಮ್ಮಲ್ಲಿ ತೆಳ್ಳಗಿರುವುದೆಂದರೆ
ಯಾರೂ ಉಣಬಡಿಸದವನು.

ಅವನಿಳಿಸುತ್ತಿದ್ದದ್ದೇ ಆ ಪೆಟ್ಟಿಗೆಗಳು:
ನ್ಯೂಜಿಲೆಂಡಿನ ಕುರಿಯ ಪಕ್ಕೆ,
ಮಾಂಸ ಎರಳೆ, ಕೊಬ್ಬು ಎಂಟೆಳೆ,
ಮಂಜುಗಟ್ಟಿ ಹಲಗೆಯಂತೆ.
ಕೆಸುವಿನೆಲೆಯಲ್ಲಿ ಸುತ್ತಿ, ತೆಂಗಿನ ಹಾಲು ಹೊಯ್ದು
ನೆಲದೊಲೆಯಲ್ಲಿ ಹೂತಿಟ್ಟರೆ,
ದೇವರಾಣೆ, ಪಾದ್ರಿಯ ಪ್ರವಚನ
ಎರಡು ಸಾಲು ಮೊದಲೇ ಮುಗಿಯುತ್ತಿತ್ತು.

ಒಂದು ವರ್ಷ ಟೊಕಿಲುಪೆ ನಾಚಿಕೊಂಡು ಬಂದಳು.
ಹಗ್ಗ ಸುತ್ತು ಬರುವುದಿಲ್ಲ.
'ಏನಿಲ್ಲ ಬಿಡು' ಎಂದೆ.
ಆ ರಾತ್ರಿ ನನ್ನ ಜಡೆಯಿಂದ ಕತ್ತರಿಸಿ
ಅಜ್ಜಿಯ ತುದಿಗೆ ನನ್ನದನ್ನು ಹೆಣೆದೆ,
ಜೋಡಿಸಿದ್ದು ಕಾಣದ ಹಾಗೆ.
ಮರುವರ್ಷ ಇನ್ನೊಂದು ಗೇಣು.
ಅದರಾಚೆಯ ವರ್ಷ ಮತ್ತೆ.
ಅವನಿಗೆ ತಿಳಿಯಲೇ ಇಲ್ಲ. ಅದೇ ನನ್ನ ಜಂಬ.

'ರಾತ್ರಿಯೆಲ್ಲ ನೀರು ಕುಡಿಯುತ್ತಾರೆ' ಎಂದಳೊಮ್ಮೆ.
ಉಪ್ಪು ತಿಂದವ ನೀರು ಕುಡಿಯಬೇಕಲ್ಲ ಎಂದು ನಕ್ಕೆ.
ಉಪ್ಪಲ್ಲ ಅದು.

ನರ್ಸ್ ಫುಸಿಪಾಲಾ ಸಭಾಭವನಕ್ಕೆ ಟೇಪು ಹಿಡಿದು ಬಂದಿದ್ದಳಂತೆ.
ಸೊಂಟ ಅಳೆದಳು, ತೋಳಿಗೆ ಪಟ್ಟಿ ಕಟ್ಟಿ ಒತ್ತಿದಳು,
ಬೆರಳು ಚುಚ್ಚಿದಳು. ರಕ್ತದ ಕೊಬ್ಬು ನೋಡಲು
ಸೀಸೆ ರಾಜಧಾನಿಗೆ ಹೋಗಿ ಬಂತು.
ನನಗೆ ಆಮೇಲೆ ಹೇಳಿದಳು, ಎಲ್ಲ ಮುಗಿದ ಮೇಲೆ:
ಒಂದಿದ್ದರೆ ಒಂದು. ಎರಡಿದ್ದರೆ ನೋಡೋಣ.
ಮೂರು ಸೇರಿದರೆ ಅದಕ್ಕೆ ಬೇರೆಯೇ ಹೆಸರು,
ಗುಂಡಿಗೆ ಗಂಡಾಂತರ ಇಮ್ಮಡಿ.
ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ.
ಲೆಕ್ಕ ಮಾತ್ರ ತಿಳಿಯಿತು.
ಎರಡೆಳೆ ಹೊಸೆದರೆ ದಾರ, ಬಿಟ್ಟರೆ ಬಿಚ್ಚುತ್ತದೆ.
ಮೂರೆಳೆಗೆ ಜಡೆ.
ತಮ್ಮನಲ್ಲಿ ಐದೂ ಇದ್ದವು.

ಮಾತ್ರೆ ಕೊಟ್ಟಿದ್ದಳು. ನಡೆ ಎಂದಿದ್ದಳು.
'ಹಗ್ಗ ಇನ್ನೂ ಸುತ್ತು ಬರುತ್ತದೆ, ನೋಡು'
ಎಂದನಂತೆ ಅವಳಿಗೆ,
'ಅಜ್ಜಿಯ ಕಾಲದ್ದು.'

ಈಸ್ಟರಿನ ಭಾನುವಾರ. ಮೇಳದಲ್ಲಿ ಕೆಳದನಿ ಅವನದು.
ದವಡೆ ನೋಯುತ್ತಿದೆ, ಹಲ್ಲಿರಬೇಕು ಎಂದಿದ್ದ.
ಎರಡನೆಯ ಚರಣದಲ್ಲಿ
ಹಾಡಿನ ನೆಲ ಕುಸಿಯಿತು. ಉಳಿದವರು
ಮೇಲೆ ಮೇಲೆ ಹಾಡುತ್ತಲೇ ಇದ್ದರು, ಒಂದು ಕ್ಷಣ,
ಕಂಬ ಬಿದ್ದದ್ದು ಗೊತ್ತಾಗದ ಮಾಡಿನಂತೆ.
ಮೊದಲು ಹಗ್ಗ ಬಿಚ್ಚಿ ಎಂದು ಯಾರೋ ಕೂಗಿದರು.
ನನ್ನ ಗಂಟು ಗಟ್ಟಿ.

ಶವದ ಬಳಿ ಅಕ್ಕನಿಗೆ ಎತ್ತರದ ಜಾಗ.
ಹರಕು ಚಾಪೆ ಹೊದ್ದವರು ಹೊರಗೆ ಅಡುಗೆಗೆ ನಿಂತರು,
ನಾನು ತಲೆಯ ಬಳಿ ಕೂತೆ.
ನುಣುಪು ಚಾಪೆಗಳನ್ನು ನನ್ನ ಮುಂದೆ ರಾಶಿ ಹಾಕಿದರು.
ಸತ್ತ ಮೇಲೆ ಮುಟ್ಟಬಹುದು. ಮುಟ್ಟಿದೆ.

ಈಗ ಮಗ ಫೋಲೌ ಬಂದಿದ್ದಾನೆ, ಹತ್ತೊಂಬತ್ತು,
ಕೈಯಲ್ಲಿ ಕಿತ್ತಳೆ ಬಣ್ಣದ ಸೀಸೆ, ಹಗ್ಗ ಬೇಕಂತೆ.
'ನಾಳೆ ಬಾ' ಎಂದೆ.
ದೀಪದಡಿ ಕೂತು ಸೂಜಿಯಿಂದ
ನನ್ನ ಕೂದಲನ್ನೆಲ್ಲ ಬಿಡಿಸುತ್ತಿದ್ದೇನೆ.
ಅಜ್ಜಿ ಕೊಟ್ಟಷ್ಟೇ ಉದ್ದ ಅವನಿಗೆ.
ಸಾಲದೆ ಬಂದ ದಿನ ನನ್ನ ಬಳಿ ಬರಬೇಡ,
ಟೇಪಿನವಳ ಬಳಿ ಹೋಗು ಎನ್ನಬೇಕು.

ಒಂದೆರಡು ಎಳೆ ಬರುತ್ತಿಲ್ಲ.
ಯಾವುದು ಅಜ್ಜಿಯದು, ಯಾವುದು ನನ್ನದು,
ಕಣ್ಣಿಗೆ ಹಿಡಿದರೂ
ಒಂದೇ ಕಪ್ಪು.